ಹಲಗೆಯ ಮೇಲೆ ನಿಂತ ಬೈಕು

ಸೀಟಿನ ಅಂಗಡಿಯಿಂದ,
ಮಾರ್ಚ್ ೧೪, ಮಂಗಳವಾರ

ಕೀ ಕದ್ದ ಮಗಳೇ,

ಕಾಗದದ ಮೊದಲ ಸಾಲಿನಲ್ಲಿ ‘ನಾನಿಲ್ಲಿ ಕ್ಷೇಮ’ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ. ನನಗೆ ಸಿಟ್ಟು ಬಂದಿದೆ. ಮೂರು ವಾರದ ಹಿಂದೆ ಬಂದದ್ದು ಇನ್ನೂ ಹೋಗಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ನಿನ್ನ ಗಂಡ ಎತ್ತುತ್ತಾನೆ. ಎತ್ತಿ, ಅವಳು ಮಲಗಿದ್ದಾಳೆ ಅತ್ತೆ ಅನ್ನುತ್ತಾನೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಲಗುವ ಹುಡುಗಿಯನ್ನು ನಾನು ಹೆತ್ತಿಲ್ಲ. ಅದಕ್ಕೇ ಈ ಕಾಗದ. ನಿನ್ನ ಹೆಸರಿನ ಲಕೋಟೆಯನ್ನು ಅವನು ಒಡೆಯಲಾರ ಎಂದುಕೊಂಡಿದ್ದೇನೆ.

ನಿನ್ನಿಂದ ಬಂದದ್ದು ಒಂದೇ ಒಂದು ಸಂದೇಶ. ಸ್ಟ್ಯಾಂಡ್ ಪೂರ್ತಿ ಹಾಕಿದ್ದೆ, ಅದನ್ನ ಒಪ್ಕೋ, ಆಮೇಲೆ ಬೈಕಿನ ಕೀ ಕಳಿಸ್ತೀನಿ ಎಂದು. ಎಷ್ಟು ಸೊಕ್ಕು ಕಣೇ ನಿನಗೆ! ಹೆತ್ತ ತಾಯಿಗೇ ಷರತ್ತು ಹಾಕುವಷ್ಟು ದೊಡ್ಡವಳಾದೆಯಾ? ಒಪ್ಪಿಕೊಳ್ಳುವುದಿಲ್ಲ. ಹೋಗು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನು ಹೇಳಿಕೊಂಡು ತಿರುಗುತ್ತಿರುವ ಹಾಗಲ್ಲ. ನಾಲ್ಕು ದಿನ ರಜೆಗೆಂದು ಬಂದವಳು ನೀನು. ಭಾನುವಾರ ಬೆಳಿಗ್ಗೆ ನಾನು ಎರಡು ಬೀದಿ ಆಚೆ ಒಬ್ಬರ ಮನೆಗೆ ಹೊಲಿದ ಬೈಕ್ ಸೀಟು ಕೊಟ್ಟು ಬರಲು ನಡೆದುಕೊಂಡು ಹೋದೆ. ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ನೀನು ಶೆಡ್ಡಿನಿಂದ ನನ್ನ ಬೈಕನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು, ಬಕೆಟ್ಟು ಸೋಪು ಹಿಡಿದು ತೊಳೆಯಲು ಕೂತೆ. ತೊಳೆ ಎಂದು ನಾನು ಹೇಳಿದ್ದೆನಾ? ಹುಟ್ಟಿದಾಗಿನಿಂದ ನಿನ್ನ ತಟ್ಟೆಯನ್ನೇ ಸರಿಯಾಗಿ ತೊಳೆಯದವಳು ನೀನು. ಗೇಟಿನ ಹತ್ತಿರ ಬರುವಾಗಲೇ ನಿನ್ನ ಕೂಗು ಕೇಳಿಸಿತು. ಒಳಗೆ ಬಂದು ನೋಡಿದರೆ ಬೈಕಿನ ಭಾರವೆಲ್ಲ ನಿನ್ನ ಪಾದದ ಮೇಲೆ. ಮೂಳೆ ಬಿರುಕು, ಆರು ವಾರ ಪ್ಲಾಸ್ಟರು. ಕೀ ನಿನ್ನ ಪ್ಯಾಂಟಿನ ಜೇಬಿನಲ್ಲಿತ್ತು, ನಿನ್ನ ಜೊತೆಗೇ ಹೋಯಿತು. ಎರಡನೆಯ ಕೀಯನ್ನು ಬೈಕಿನ ಮೊದಲಿನ ಮಾಲೀಕ ಯಾವ ಹಳ್ಳದಲ್ಲಿ ಬೀಳಿಸಿದ್ದಾನೋ ಅವನಿಗೇ ಗೊತ್ತಿಲ್ಲ.

ಹೇಗಾಯ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ನಾನು ಹೇಳಿದೆ, ಸೈಡ್ ಸ್ಟ್ಯಾಂಡನ್ನ ಪೂರ್ತಿ ಎಳೆದಿಲ್ಲ ಡಾಕ್ಟ್ರೇ, ಇವಳು ಚಿಕ್ಕಂದಿನಿಂದಲೂ ಹೀಗೇ, ಎಲ್ಲಾ ಅರ್ಧಂಬರ್ಧ ಎಂದು. ನಿನ್ನ ಗಂಡ ತಲೆಯಾಡಿಸಿದ. ನೀನು ನನ್ನನ್ನು ನೋಡಿದೆ. ಆ ನೋಟಕ್ಕೂ ನನಗೆ ಸಿಟ್ಟು ಬಂದಿತ್ತು.

ಈಗ ನಿಮ್ಮ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದಿದ್ದರೂ, ಸ್ಟ್ಯಾಂಡ್ ಹಾಕಿದ ಹಾಗೆ ಹಾಕಿದೀಯಾ ನೋಡು ಎಂದು ಅವನು ನಗುತ್ತಾನಂತೆ. ಅವನೇ ಫೋನಿನಲ್ಲಿ ಹೇಳಿ ಇನ್ನೊಂದು ಸಲ ನಕ್ಕ. ಆಟದ ಟೀಚರಾದ ನೀನು ಶಾಲೆಯಲ್ಲೂ ಕುರ್ಚಿಯ ಮೇಲೆ ಕೂತೇ ವಿಸಿಲ್ ಊದುತ್ತಿದ್ದೀಯ ಎಂದ. ನನಗೆ ನಗು ಬರಲಿಲ್ಲ. ಫೋನ್ ಇಟ್ಟ ಮೇಲೆ ಒಂದು ಸೀಟಿನ ಕವರನ್ನು ತಿರುವುಮುರುವು ಹೊಲಿದು ಮತ್ತೆ ಬಿಚ್ಚಿದೆ.

ಕೀ ಇಲ್ಲದೆ ನನ್ನ ಪಾಡು ಏನು ಎಂದಾದರೂ ಯೋಚಿಸಿದ್ದೀಯಾ? ಫೋಮಿನ ಸುರುಳಿಯನ್ನು ಬಸ್ಸಿನಲ್ಲಿ ಹೊತ್ತು ತರುತ್ತಿದ್ದೇನೆ. ಇದಕ್ಕೂ ಒಂದು ಟಿಕೆಟ್ ತಗೊಳ್ಳಿ ಅಮ್ಮಾ, ನಿಮಗಿಂತ ಇದೇ ದಪ್ಪ ಇದೆ ಎಂದು ಕಂಡಕ್ಟರ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬಸ್ಸಿಳಿದ ಮೇಲೆ ಮತ್ತೆ ನಮ್ಮ ರಸ್ತೆ. ಅದನ್ನು ಒಮ್ಮೆ ನೀರಿನ ಪೈಪಿಗೆಂದು ಅಗೆದರು, ಒಮ್ಮೆ ಚರಂಡಿಗೆಂದು ಅಗೆದರು, ಮೊದಲು ಹೂತ ಪೈಪು ಎಲ್ಲಿದೆ ಎಂದು ಹುಡುಕಲು ಮೂರನೆಯ ಸಲ ಅಗೆದರು. ನನ್ನ ಹಳೆಯ ಸ್ಕೂಟರಿನ ಚಕ್ರ ಆ ಹೊಂಡಗಳಲ್ಲಿ ಪೂರ್ತಿ ಮುಳುಗುತ್ತಿತ್ತು. ಎರಡು ಸಲ ಬಿದ್ದಿದ್ದೆ. ನಿನಗೆ ಹೇಳಿರಲಿಲ್ಲ.

ಆ ಸಮಯದಲ್ಲೇ ಈ ಬೈಕು ಅಂಗಡಿಗೆ ಬಂತು. ಸೀಟು ಹರಿದಿದೆ, ಹೊಲಿದುಕೊಡಿ ಎಂದು ತಂದವನು, ಹೊಲಿದ ಮೇಲೆ ಮಾರಿಬಿಡುತ್ತೇನೆ ಎಂದ. ಉದ್ದ ಕಾಲಿನ, ತೆಳ್ಳಗಿನ, ಮೈತುಂಬ ಒಣ ಕೆಸರು ಮೆತ್ತಿದ ಬೈಕು. ಕಾಡುದಾರಿಗೂ ಸೈ, ಡಾಂಬರಿಗೂ ಸೈ. ಅದರ ಮುಂದಿನ ಚಕ್ರ ನೋಡಿದ ಕೂಡಲೇ, ನಮ್ಮ ರಸ್ತೆಗೆ ಇದೇ ತಕ್ಕ ಉತ್ತರ ಅನ್ನಿಸಿತು. ಇಪ್ಪತ್ತಾರು ವರ್ಷದಿಂದ ಗಂಡಸರ ಬೈಕುಗಳಿಗೆ ಸೀಟು ಕಟ್ಟುತ್ತಿದ್ದೇನೆ ಕಣೇ. ಯಾರ ಬೆನ್ನು ಎಲ್ಲಿ ನೋಯುತ್ತದೆ ಎಂದು ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಅಳತೆಗೆಂದು ಒಂದು ಸೀಟನ್ನೂ ಕಟ್ಟಿಕೊಂಡಿರಲಿಲ್ಲ.

ನೀನು ಏನಂದೆ ನೆನಪಿದೆಯಾ? ಅಮ್ಮಾ, ನಿನ್ನ ಕಾಲು ನೆಲಕ್ಕೆ ಎಟಕಲ್ಲ, ಸುಮ್ಮನೆ ಇನ್ನೊಂದು ಸ್ಕೂಟರ್ ತಗೋ. ಆ ಮಾತಿಗೇ ನಾನು ಅದನ್ನು ಕೊಂಡೆ ಎಂದರೂ ತಪ್ಪಲ್ಲ.

ಕೊಂಡ ಮೇಲೆ ಅದನ್ನು ಬೀದಿಗೆ ಒಗ್ಗಿಸಲು ಎರಡು ತಿಂಗಳು ಒದ್ದಾಡಿದೆ. ಗಂಟು ಗಂಟಿನ ಟೈರು ಡಾಂಬರಿನ ಮೇಲೆ ದುಂಬಿಯ ಹಾಗೆ ಗುಯ್ಗುಟ್ಟುತ್ತಿತ್ತು, ಒದ್ದೆ ರಸ್ತೆಯಲ್ಲಿ ಜಾರುತ್ತಿತ್ತು. ಅದನ್ನು ತೆಗೆಸಿ ರಸ್ತೆಯ ಟೈರು ಹಾಕಿಸಿದೆ. ಮೂವತ್ತರ ವೇಗಕ್ಕೇ ಎಂಜಿನ್ನು ಅರಚುತ್ತಿತ್ತು. ಹಿಂದಿನ ಹಲ್ಲುಚಕ್ರವನ್ನು ಚಿಕ್ಕದು ಮಾಡಿಸಿದ ಮೇಲೆ ಸುಮ್ಮನಾಯಿತು. ಮೊದಲಿನವನು ಕನ್ನಡಿಗಳನ್ನೇ ಕಿತ್ತೆಸೆದಿದ್ದ. ಹಿಂದೆ ಬರುವವರ ಚಿಂತೆ ಅವನಿಗಿರಲಿಲ್ಲ, ನನಗಿದೆ. ಎರಡೂ ಕಡೆ ಹಾಕಿಸಿದೆ. ಫೋಮು ಕಟ್ಟಲು ಕ್ಯಾರಿಯರ್ ಬಂತು. ಸೀಟನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ರೆಕ್ಸಿನ್ ಬಿಚ್ಚಿ, ನಡುವೆ ಮೂರು ಬೆರಳು ಫೋಮು ಕೊರೆದು, ಮುಂದುಗಡೆ ಕಿರಿದು ಮಾಡಿದೆ. ಸೀಟು ಮುಂದೆ ಅಗಲವಾಗಿದ್ದರೆ ತೊಡೆ ಹರಡಿಕೊಂಡು ಕಾಲು ಇನ್ನಷ್ಟು ಮೇಲಕ್ಕೆ ಹೋಗುತ್ತದೆ, ಇದು ನಮ್ಮ ಕಸುಬಿನ ಮೊದಲ ಪಾಠ.

ಎತ್ತರದ ಬೈಕಿಗೆ ಎತ್ತರದ ಆಳು ಬೇಡ, ಒಳ್ಳೆ ಸೀಟು ಸಾಕು ಎಂದು ಬೀದಿಯಲ್ಲೆಲ್ಲ ಹೇಳಿದೆ. ಆ ಮಾತು ನಂಬಿ ಹನ್ನೊಂದು ಜನ ಕುಳ್ಳರು ಸೀಟು ಕೊರೆಸಿಕೊಳ್ಳಲು ಬಂದರು. ಬಂದವರಿಗೆಲ್ಲ ನನ್ನ ಬೈಕನ್ನೇ ತೋರಿಸಿದೆ.

ಈಗ ಕೇಳು. ಇದನ್ನು ನಾನು ಯಾರಿಗೂ ಹೇಳಿಲ್ಲ. ಕಾಲು ಎಟಕುತ್ತಿರಲಿಲ್ಲ.

ಕಾಲ್ಬೆರಳ ತುದಿ ತಾಗುತ್ತಿತ್ತು, ಅಷ್ಟೇ. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ನಿಲ್ಲಿಸಿದೆ, ಕಾಲು ಚಾಚಿದೆ, ನೆಲ ಸಿಗಲಿಲ್ಲ. ನಿಂತ ಜಾಗದಲ್ಲೇ ಉರುಳಿದೆ. ಏಣಿ ತರೋದು ಮರೆತ್ರಾ ಅಜ್ಜಿ ಎಂದ ಒಬ್ಬ. ಅಜ್ಜಿಯಂತೆ! ಐವತ್ಮೂರಕ್ಕೆ! ಎದ್ದು, ರಸ್ತೆಯೇ ಸರಿಯಿಲ್ಲ ಎಂದು ರಸ್ತೆಯನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನನಗೆ ಮೀಸೆಯೂ ಇಲ್ಲ, ಆದರೂ ಮಣ್ಣಾಗಬಾರದು ಎಂಬ ಹಟ.

ಗ್ರೀಸಣ್ಣನ ಹತ್ತಿರ ಹೋದೆ. ಅದೇ, ಅಂಗಡಿಯ ಎದುರಿನ ಮೆಕ್ಯಾನಿಕ್, ನೀನು ಚಿಕ್ಕವಳಿದ್ದಾಗ ನಿನ್ನ ಸೈಕಲ್ಲಿಗೆ ಗ್ರೀಸ್ ಹಚ್ಚಿ ನಿನ್ನ ಫ್ರಾಕಿಗೂ ಹಚ್ಚುತ್ತಿದ್ದನಲ್ಲ, ಅವನೇ. ವಾರದ ರಜೆಯ ದಿನ, ಷಟರ್ ಅರ್ಧ ಇಳಿಸಿ, ಕಳ್ಳಮಾಲು ಸಾಗಿಸುವವರ ಹಾಗೆ ಬೈಕನ್ನು ಒಳಗೆ ತೆಗೆದುಕೊಂಡು ಹೋದೆವು. ಹಿಂದಿನ ಸಸ್ಪೆನ್ಷನ್ನಿನ ಪಟ್ಟಿ ಬದಲಿಸಿ, ಮುಂದಿನ ಫೋರ್ಕನ್ನು ಮೇಲಕ್ಕೆ ಸರಿಸಿ, ಇಡೀ ಬೈಕನ್ನು ಎರಡು ಬೆರಳು ತಗ್ಗಿಸಿಕೊಟ್ಟ. ಎರಡೂ ಪಾದ ನೆಲಕ್ಕೆ ಊರಿ ಕೂತ ಫೋಟೊ ತೆಗೆದು ನಿನಗೆ ಕಳಿಸಿದೆ. ‘ಎಟಕಲ್ಲ ಅಂದೆಯಲ್ಲ, ನೋಡು’ ಎಂದು ಕೆಳಗೆ ಬರೆದೆ. ಅದನ್ನು ನೀನು ಶಾಲೆಯಲ್ಲಿ ಟೀಚರುಗಳಿಗೆಲ್ಲ ತೋರಿಸಿ, ನಮ್ಮಮ್ಮ, ಸೀಟು ಅವಳೇ ಕಟ್ಟಿದ್ದು ಎಂದೆಯಂತೆ. ಅದು ಗೊತ್ತಾದ ಮೇಲೆ ನಿಜ ಹೇಳುವುದು ಹೇಗೆ?

ಗ್ರೀಸಣ್ಣ ಅವತ್ತೇ ಹೇಳಿದ್ದ, ಬೈಕು ಇಳೀತು ಅಕ್ಕಾ, ಸ್ಟ್ಯಾಂಡ್ ಇಳೀಲಿಲ್ಲ, ಅದನ್ನೂ ಎರಡು ಬೆರಳು ಕತ್ತರಿಸಿ ಬೆಸುಗೆ ಹಾಕಬೇಕು, ಒಂದು ದಿನ ಗಾಡಿ ಬಿಟ್ಟುಹೋಗಿ ಎಂದು. ಸ್ಟ್ಯಾಂಡ್ ಉದ್ದವಾದರೆ ಬೈಕು ಎಡಕ್ಕೆ ವಾಲಿ ಒರಗುವುದಿಲ್ಲ, ನೆಟ್ಟಗೆ ನಿಂತುಬಿಡುತ್ತದೆ. ಆಚೆ ಕಡೆಗೆ ಉರುಳಲು ಒಂದು ಕೈ ತಾಗಿದರೆ ಸಾಕು. ನಾನು ಗಾಡಿ ಬಿಟ್ಟುಹೋಗಲಿಲ್ಲ. ವಾರದ ನಡುವೆ ಗಾಡಿ ಅವನ ಅಂಗಡಿಯಲ್ಲಿ ನಿಂತರೆ ಬೀದಿಯವರೆಲ್ಲ ಯಾಕೆ ಎಂದು ಕೇಳುತ್ತಾರೆ. ಹನ್ನೊಂದು ಕುಳ್ಳರೂ ಕೇಳುತ್ತಾರೆ. ನನ್ನ ಅಂಗಡಿಯ ಮುಂದೆ ನೆಲವೇ ಎಡಕ್ಕೆ ಇಳಿಜಾರು, ಅಲ್ಲಿ ತೊಂದರೆಯಿರಲಿಲ್ಲ. ಮನೆಯ ಶೆಡ್ಡಿನಲ್ಲಿ ಒಂದು ಹಲಗೆ ಹಾಸಿ, ಎರಡೂ ಚಕ್ರವನ್ನು ಅದರ ಮೇಲೆ ನಿಲ್ಲಿಸಿ, ಸ್ಟ್ಯಾಂಡನ್ನು ಮಾತ್ರ ನೆಲಕ್ಕೆ ಊರುತ್ತಿದ್ದೆ. ಚೆನ್ನಾಗಿಯೇ ನಿಲ್ಲುತ್ತಿತ್ತು. ಆ ಹಲಗೆ ಯಾಕೆ ಎಂದು ನೀನು ಬಂದ ದಿನವೇ ಕೇಳಿದ್ದೆ. ಟೈರಿಗೆ ತೇವ ತಾಗದಿರಲಿ ಎಂದು ಅಂದೆ.

ಇಷ್ಟು ಒಪ್ಪಿಕೊಂಡೆ. ಆದರೆ ಹಲಗೆ ಇದ್ದದ್ದು ಶೆಡ್ಡಿನಲ್ಲಿ. ಬೈಕನ್ನು ಹಲಗೆಯಿಂದ ಇಳಿಸಿ ಅಂಗಳದ ಸಪಾಟು ನೆಲದಲ್ಲಿ ನಿಲ್ಲಿಸಿದವರು ಯಾರು? ನಾನಲ್ಲ. ಹೇಳದೆ ಕೇಳದೆ ಇನ್ನೊಬ್ಬರ ವಸ್ತು ಮುಟ್ಟುವುದು ತಪ್ಪು ತಾನೇ? ಆದ್ದರಿಂದ ಹಲಗೆಯ ತಪ್ಪು ನನ್ನದು, ಸ್ಟ್ಯಾಂಡಿನ ತಪ್ಪು ನಿನ್ನದು. ಅರ್ಧ ಅರ್ಧ. ಅಮ್ಮ ಮಗಳ ನಡುವೆ ಇದಕ್ಕಿಂತ ನ್ಯಾಯ ಎಲ್ಲಿ ಸಿಗುತ್ತದೆ ಹೇಳು. ಕೀ ಕಳಿಸು, ಇಬ್ಬರೂ ಮರೆತುಬಿಡೋಣ.

ಕಾಲನ್ನು ದಿಂಬಿನ ಮೇಲೆ ಎತ್ತಿ ಇಡು. ಪ್ಲಾಸ್ಟರಿನೊಳಗೆ ತುರಿಸಿದರೆ ಸ್ಕೇಲು ಹಾಕಿ ಕೆರೆಯಬೇಡ, ನಿನಗೆ ಆ ಬುದ್ಧಿ ಇದೆ.

ಇನ್ನೂ ಸಿಟ್ಟಿನಲ್ಲೇ ಇರುವ,
ಅರ್ಧ ತಪ್ಪಿನ ಅಮ್ಮ

ಮರೆತದ್ದು: ಮರೆತದ್ದಲ್ಲ. ಬರೆಯಲಾಗದೆ ಬಿಟ್ಟದ್ದು. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ನಿನ್ನೆ ಗ್ರೀಸಣ್ಣ ಬೈಕು ನೋಡಲು ಮನೆಗೆ ಬಂದಿದ್ದ. ಮುರಿದಿರುವುದು ಬಲಗಡೆಯ ಬ್ರೇಕಿನ ಹಿಡಿ. ಗೀರು ಬಿದ್ದಿರುವುದೂ ಬಲಗಡೆಗೇ. ಮಗಳು ಸ್ಟ್ಯಾಂಡ್ ಪೂರ್ತಿ ಎಳೆಯಲಿಲ್ಲವಂತೆ ಎಂದು ಅವನಿಗೂ ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತ, ಅಕ್ಕಾ, ಸ್ಟ್ಯಾಂಡ್ ಇರೋದು ಎಡಗಡೆ ಅಂದ. ಅಷ್ಟೇ ಅಂದದ್ದು. ಸ್ಟ್ಯಾಂಡ್ ಅರ್ಧ ಎಳೆದು ಬಿಟ್ಟಿದ್ದರೆ ಅದು ಮಡಚಿಕೊಂಡು ಬೈಕು ಎಡಕ್ಕೆ ಬೀಳಬೇಕಿತ್ತು. ಇದು ಬಲಕ್ಕೆ ಬಿದ್ದಿದೆ.

ಅವನು ಹೇಳುವುದು ಬೇಕಿರಲಿಲ್ಲ. ಅವತ್ತು ಬೈಕನ್ನು ನಿನ್ನ ಮೇಲಿಂದ ಎತ್ತುವಾಗ ನಾನೇ ಕಣ್ಣಾರೆ ನೋಡಿದೆ. ಸ್ಟ್ಯಾಂಡ್ ಪೂರ್ತಿ ಹೊರಗಿತ್ತು. ನೀನು ಸರಿಯಾಗಿಯೇ ಹಾಕಿದ್ದೆ. ಬೈಕನ್ನು ಗೋಡೆಗೆ ಒರಗಿಸಿ, ಆ ಸ್ಟ್ಯಾಂಡನ್ನು ನನ್ನ ಕಾಲಿನಿಂದಲೇ ಒಳಗೆ ಮಡಚಿದೆ. ನೀನು ಕಾಲು ಹಿಡಿದುಕೊಂಡು ಅಳುತ್ತಿದ್ದೆ, ನೋಡಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ನಾನು ಹೆತ್ತ ಮಗಳ ಬಾಯಿಗೇ ಒರೆಸಿದೆ. ಮೂರು ವಾರದ ಸಿಟ್ಟೆಲ್ಲ ಯಾರ ಮೇಲೆ ಎಂದು ಈಗ ನಿನಗೆ ಗೊತ್ತಾಗಿರಬೇಕು.

ಇವತ್ತು ಬೆಳಿಗ್ಗೆ ಸ್ಟ್ಯಾಂಡ್ ಬಿಚ್ಚಿಸಿಕೊಂಡು ಗ್ರೀಸಣ್ಣನ ಅಂಗಡಿಗೆ ಹೋಗಿ, ಬೀದಿಯವರೆಲ್ಲ ನೋಡುವ ಹಾಗೆ, ಷಟರ್ ಪೂರ್ತಿ ಎತ್ತಿಸಿ, ಎರಡು ಬೆರಳು ಕತ್ತರಿಸಿ ಬೆಸುಗೆ ಹಾಕಿಸಿದೆ. ಕೇಳಿದವರಿಗೆ ಯಾಕೆ ಎಂದೂ ಹೇಳಿದೆ. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ತಾಗುತ್ತಿರುವ ಎರಡು ಬೆರಳಿನ ಕಬ್ಬಿಣದ ತುಂಡು ಅದೇ.

ಕೀ ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ. ಮೊದಲು ಈ ಕೊನೆಯ ಭಾಗವನ್ನು ನಿನ್ನ ಗಂಡನಿಗೆ ಓದಿ ಹೇಳು. ಗಟ್ಟಿಯಾಗಿ ಓದು.