ಪಹಣಿ ಪರದೆಯ ಮೇಲೆ ಉರಿಯುವ ದೀಪದ ಕುರಿತು

ಪಹಣಿ ಕೇಂದ್ರದ ಮೇಲಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಕೇಂದ್ರದ ಕಂಪ್ಯೂಟರ್ ಪರದೆ ಚಳಿಜ್ವರ ಬಂದವರಂತೆ ನಡುಗುತ್ತಿದೆ. ಆ ಕಾರಣಕ್ಕೆ ನಮ್ಮ ದಾಸನಕೊಪ್ಪದ ಹೊನ್ನಕ್ಕನಿಗೆ ತನ್ನ ಗದ್ದೆಯ ಪಹಣಿ ಸಿಗುತ್ತಿಲ್ಲ. ಪಹಣಿ ತೋರಿಸದೆ ರಿಯಾಯಿತಿಯ ಭತ್ತದ ಬೀಜ ಸಿಗುವುದಿಲ್ಲ. ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ, ಬೀಜದ ಚೀಲಗಳು ದಿನದಿನಕ್ಕೆ ಕರಗುತ್ತಿವೆ. ಕೈಬರಹದ ಪಹಣಿ ಇನ್ನು ನಡೆಯದೆಂದು ತಾವೇ ಸಾರಿರುವುದರಿಂದ, ಹಳೆಯ ಶಾನುಭೋಗರ ಕಾಲಕ್ಕೆ ಮರಳುವ ದಾರಿಯೂ ಇಲ್ಲ.

ಪರದೆಗೆ ಚಿಕಿತ್ಸೆಯೇ ನಡೆದಿಲ್ಲವೆಂದು ನಾನು ಹೇಳಲಾರೆ. ಮೊದಲು ಮೇಜನ್ನು ಪೂರ್ವಕ್ಕೆ ತಿರುಗಿಸಲಾಯಿತು. ಆಮೇಲೆ ಸ್ಟೆಬಿಲೈಸರ್ ಬಂತು. ಅದೂ ನಾಟದಿದ್ದಾಗ ಟಿವಿಯಂಥ ಆ ಪರದೆ ಪೆಟ್ಟಿಗೆಯ ಬದಿಗೆ ಎರಡು ಏಟು ಹಾಕುವ ಪದ್ಧತಿ ಜಾರಿಗೆ ಬಂತು. ಇದಕ್ಕೆ ಲಿಖಿತ ಆದೇಶವಿದೆಯೇ? ಕೇಳಲು ಧೈರ್ಯವಾಗಲಿಲ್ಲ. ಕೊನೆಗೆ ಕರೆಂಟೇ ಸರಿಯಿಲ್ಲವೆಂದು ವಿದ್ಯುತ್ ಇಲಾಖೆಗೆ ಪತ್ರ ಹೋಯಿತು, ನಮ್ಮ ಕರೆಂಟು ಸರಿಯಾಗಿದೆ ಎಂದು ಅಲ್ಲಿಂದ ಉತ್ತರವೂ ಬಂತು.

ಹೊನ್ನಕ್ಕನಿಗೆ ಜೊತೆಯಾಗಿ ನಾನೂ ಬರುತ್ತೇನೆ. ಗುಮಾಸ್ತರಾದ ಕಲ್ಲಯ್ಯನವರು ಕೆಟ್ಟವರಲ್ಲ. ಕಣ್ಣುಜ್ಜಿಕೊಂಡು, "ಯವ್ವಾ, ಸರ್ವೆ ನಂಬರು ಕುಣ್ಯಾಕ್ಹತ್ತಾವ. ಮತ್ತೊಬ್ಬರ ಹೊಲ ನಿನ್ನ ಕೈಯಾಗ ಕೊಟ್ಟರ ಹೆಂಗ?" ಎಂದರು.

"ಕುಣೀಲಿ ಬಿಡ್ರಿ. ನನ್ನ ಹೊಲ ಅಂತೂ ಇದ್ದಲ್ಲೇ ಐತಿ," ಎಂದರು ಹೊನ್ನಕ್ಕ.

ಸಾಲಿನಲ್ಲಿ ನಿಂತವನಿಗೆ ನೋಡುವುದು ಬಿಟ್ಟು ಬೇರೇನು ಕೆಲಸ? ನಾನು ಕಂಡದ್ದು ಇಷ್ಟು. ಕರೆಂಟು ಹೋದಾಗ ಮಾತ್ರ ಪರದೆ ಸ್ತಬ್ಧವಾಗುತ್ತದೆ. ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತದೆ, ಅಕ್ಷರಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗಿರುತ್ತವೆ. ಆದರೆ ಪ್ರಿಂಟರಿಗೆ ಬ್ಯಾಟರಿಯ ಆಸರೆಯಿಲ್ಲ, ಆಗ ಅದು ಓಡುವುದಿಲ್ಲ. ಮೇಲಾಗಿ, ಬ್ಯಾಟರಿ ಕೂಗಿದೊಡನೆ ಕಂಪ್ಯೂಟರ್ ಆರಿಸಬೇಕೆಂಬುದು ತಮ್ಮದೇ ಆದೇಶ. ಹೀಗೆ, ಪ್ರಿಂಟರ್ ಓಡುವಾಗ ಓದಲಾಗದು, ಓದಲಾಗುವಾಗ ಪ್ರಿಂಟರ್ ಓಡದು.

ಕರೆಂಟು ಹೋದಾಗ ಆರುವುದು ಇನ್ನೊಂದಿದೆ. ಪರದೆಯ ನೆತ್ತಿಯ ಮೇಲೆ ಗಣಪತಿಯ ಫೋಟೋ ಇದೆ. ಅದರ ಹಿಂದೆ ಬಣ್ಣದ ದೀಪದ ಚಕ್ರ ತಿರುಗುತ್ತದೆ. ಅದಕ್ಕೆ ಕರೆಂಟು ಕೊಡುವ ಕಪ್ಪು ಟ್ರಾನ್ಸ್‌ಫಾರ್ಮರ್ ಡಬ್ಬಿ ಪರದೆಯ ಬೆನ್ನಿಗೇ ಅಂಟಿ ಕುಳಿತಿದೆ. ಆ ಡಬ್ಬಿ ಬದುಕಿರುವಷ್ಟು ಹೊತ್ತೂ ಪರದೆ ನಡುಗುತ್ತದೆ. ನಾನು ಓದಿದ್ದು ಸಾಹಿತ್ಯ. ಆದರೂ ಇಷ್ಟನ್ನು ಊಹಿಸಲು ವಿಜ್ಞಾನದ ಪದವಿ ಬೇಕೆನಿಸಲಿಲ್ಲ.

ಕೌಂಟರಿನ ಮುಂದೆ ನನಗೆ ಮಾತು ಹೊರಡುವುದಿಲ್ಲ. ಹೊನ್ನಕ್ಕನ ಕಿವಿಯಲ್ಲಿ ಹೇಳಿದೆ. ಅವರು ಇಡೀ ಕಚೇರಿಗೆ ಕೇಳುವಂತೆ ಹೇಳಿದರು: "ಕಲ್ಲಯ್ನೋರ, ಆ ದೇವರ ದೀಪ ಒಂಚೂರು ಆರಸ್ರಿ. ಪರದೆ ನಿಂದ್ರತೈತಿ ಅಂತ ನಮ್ಮ ಸುಜಯ ಹೇಳ್ತಾನ."

ಕಲ್ಲಯ್ಯನವರ ಕೈ ಸ್ವಿಚ್ಚಿನ ತನಕ ಹೋಗಿ ಹಿಂದೆ ಬಂತು. "ಅದನ್ನ ಪೂಜಿ ಮಾಡಿ ಹಚ್ಚಿದವ್ರು ದೊಡ್ಡ ಸಾಹೇಬ್ರು. ಅವ್ರ ಹಚ್ಚಿದ್ದು ನಾ ಆರಿಸ್ಲೇನು? ನನ್ನ ವರ್ಗಾ ಮಾಡಿದ್ರ ಗಂಟು ಹೊರಾಕ ನೀ ಬರ್ತಿಯೇನು?"

"ಹೊರ್ತೀನಿ ಬಿಡ್ರಿ. ಮೊದ್ಲ ಪಹಣಿ ಕೊಡ್ರಿ."

ಆ ದೊಡ್ಡ ಸಾಹೇಬರು ತಾವೇ ಆದ್ದರಿಂದ ಈ ಪತ್ರ. ಉದ್ಘಾಟನೆಯ ದಿನ ಅಲ್ಲಿ ದೀಪವಿಟ್ಟ ತಮ್ಮ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ವಿಘ್ನ ನಿವಾರಿಸಬೇಕಾದವನನ್ನೇ ವಿಘ್ನದ ಕೆಲಸಕ್ಕೆ ನೇಮಿಸಿಕೊಂಡಿದ್ದೀರಲ್ಲ, ಅವನಿಗಾದರೂ ಹೇಗನಿಸಬೇಕು? ಎದುರು ಗೋಡೆಯಲ್ಲಿ ಒಂದು ಮೊಳೆ ಖಾಲಿ ಇದೆ. ಅಲ್ಲಿಂದ ಅವನಿಗೆ ನಮ್ಮ ಸಾಲೂ ಕಾಣುತ್ತದೆ.

ಆದೇಶ ಬರೆದು, ಅದು ಕಡತದಲ್ಲಿ ಕುಳಿತು ಬರುವಷ್ಟು ಪುರಸೊತ್ತು ಮಳೆಗಿಲ್ಲ. ಆದ್ದರಿಂದ ದಯವಿಟ್ಟು ತಾವೇ ಬಂದು ಆ ಸ್ವಿಚ್ಚನ್ನು ಒಮ್ಮೆ ಆರಿಸಿ ನೋಡಿ. ನನ್ನ ಊಹೆ ತಪ್ಪಾಗಿದ್ದರೆ ಮತ್ತೆ ಹಚ್ಚಿಬಿಡಿ, ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಸರಿಯಾಗಿದ್ದರೆ ಹೊನ್ನಕ್ಕನ ಪಹಣಿಯನ್ನು ನಿಂತ ಕಾಲಲ್ಲೇ ಅಚ್ಚು ಹಾಕಿಸಿ ಕೊಡಿ. ಅವರು ಬೀಜ ತಂದು, ಗದ್ದೆಯ ಹದ ಆರುವ ಮೊದಲು ಬಿತ್ತಬೇಕು.

ಇಂತಿ,
ಕ್ಷಮೆ ಕೇಳುವ ಮಾತನ್ನೂ ಈಗಲೇ ಅಭ್ಯಾಸ ಮಾಡುತ್ತಿರುವ
ಸುಜಯ, ದಾಸನಕೊಪ್ಪ