ಬೂಟು ನೋಡಿದಿರಿ, ಕಾಲು ನೋಡಲಿಲ್ಲ

ಪಾದ ಸಂರಕ್ಷಣಾ ಯೋಜನೆಯ ಅಧಿಕಾರಿಗಳೇ,

ನಮ್ಮ ಅತ್ತೆ ಚಾಂದಿಬಾಯಿಯವರ ಬಲ ಅಂಗಾಲಿನ ಹುಣ್ಣು ಕೀವು ತುಂಬಿಕೊಂಡಿದೆ. ಗುರುವಾರ ಆಪರೇಷನ್ ಮಾಡದಿದ್ದರೆ ಪಾದವೇ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ತಮ್ಮ ಕಚೇರಿ ಮಾತ್ರ ‘ಕೊಟ್ಟ ಬೂಟು ಬಳಸದೆ ರೋಗಿ ಸಹಕರಿಸಲಿಲ್ಲ’ ಎಂದು ಒಂದು ಸಾಲು ಬರೆದು, ಉಚಿತ ಚಿಕಿತ್ಸೆಯ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದೆ. ಆ ಸಾಲು ಬರೆದ ಮಹನೀಯರು ಒಮ್ಮೆಯಾದರೂ ಆ ಕಾಲನ್ನು ನೋಡಿದ್ದರೇ?

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆಂದು ತಾವು ಮುಂಡಗೋಡಿನ ಶಿಬಿರದಲ್ಲಿ ಬೂಟು ಹಂಚಿದಿರಿ. ಅಂಗಾಲಿನ ಯಾವ ಭಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆಂದು ಅದರೊಳಗಿನ ಸೆನ್ಸರ್ ತಮ್ಮ ಮೊಬೈಲಿಗೆ ತಿಳಿಸುತ್ತದಂತೆ. ಒಳ್ಳೆಯ ಯಂತ್ರವೇ, ಇಲ್ಲವೆನ್ನುವುದಿಲ್ಲ. ಆದರೆ ಕೊಡುವಾಗ ತಮ್ಮವರು, “ಸರ್ಕಾರದ ಸಾಮಾನೈತಿ, ಭಾಳ ತುಟ್ಟೀದು, ಕೆಸರು ಬಡಸಬ್ಯಾಡ್ರಿ” ಎಂದು ಮೂರು ಸಲ ಹೇಳಿದರು. ಅತ್ತೆ ಹಾಗೆಯೇ ನಡೆದುಕೊಂಡರು. ಬೂಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬರಿಗಾಲಲ್ಲಿ ಭತ್ತದ ಗದ್ದೆಗಿಳಿದರು. ತಿಂಗಳಿಗೊಮ್ಮೆ ತಪಾಸಣೆಗೆ ಬರುವಾಗ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಅದನ್ನು ಹಾಕಿಕೊಂಡು ಆಸ್ಪತ್ರೆಗೆ ನಡೆದರು.

ನಾಲ್ಕು ತಿಂಗಳು ತಮಗೆ ಕಂಡದ್ದು ಆ ಹತ್ತು ಹತ್ತು ನಿಮಿಷದ ನಡಿಗೆ. ಅದನ್ನೇ ನೋಡಿ ‘ಅಪಾಯವಿಲ್ಲ’ ಎಂದು ಬರೆದಿರಿ. ಗದ್ದೆ ಕೆಲಸದ ಹೆಂಗಸು ತಿಂಗಳಿಗೆ ಹತ್ತೇ ನಿಮಿಷ ನಡೆಯುತ್ತಾಳೆಂದು ನಂಬಿದ ತಮ್ಮ ಬುದ್ಧಿವಂತಿಕೆಗೆ ದೊಡ್ಡ ನಮಸ್ಕಾರ!

ನೋವೇ ತಿಳಿಯದ ಕಾಲು ಅದು. ಸಾರಿಸಿದ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗಲೇ ನಮಗೆ ಗೊತ್ತಾದದ್ದು. ಮರುದಿನವೇ ಆಸ್ಪತ್ರೆಗೆ ಕರೆತಂದು, “ಬೂಟ್ ಬಿಚ್ಚಿ ನೋಡ್ರಿ ಸರ್, ಹುಣ್ಣಾಗೇತಿ” ಎಂದೆ. ತಮ್ಮ ಸಿಬ್ಬಂದಿ ತಲೆಯೆತ್ತಲಿಲ್ಲ. “ಮೊಬೈಲಿನ್ಯಾಗ ಎಲ್ಲಾ ಬರ್ತೈತಿ, ಬಿಚ್ಚೂದು ಬ್ಯಾಡ. ಮುಂದಿನ ತಿಂಗಳ ಬರ್ರಿ” ಎಂದರು. ಆ ಒಂದು ತಿಂಗಳಲ್ಲಿ ಹುಣ್ಣು ಎಲುಬು ಮುಟ್ಟಿತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೊತ್ತು ಹೊತ್ತಿಗೆ ಬಂದವರು ಸಹಕರಿಸದವರೋ, ಬೂಟು ಬಿಚ್ಚಲೂ ಬೇಸರಪಟ್ಟವರೋ?

ಆ ಸಾಲನ್ನು ಬುಧವಾರದೊಳಗೆ ಅಳಿಸಿ ಹೆಸರನ್ನು ಪಟ್ಟಿಗೆ ಸೇರಿಸಿ. ಇನ್ನು ಮುಂದೆ ತಪಾಸಣೆಗೆ ಬಂದ ಪ್ರತಿಯೊಬ್ಬರ ಪಾದವನ್ನೂ ಕಣ್ಣಿಂದ ನೋಡಿ.

ಅತ್ತೆಗೆ ಓದಲು ಬರುವುದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಿನ್ನೆಯೂ ಹೇಳಿದರು: “ಬೂಟಿಗೆ ಒಂದ್ ಹನಿ ಕೆಸರ ಸೈತ ಬಡದಿಲ್ಲ ಅಂತ ಸಾಹೇಬರಿಗೆ ಹೇಳವ್ವಾ, ಖುಷಿಯಾಗ್ತಾರ.” ತಾವು ಬರೆದದ್ದನ್ನು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅಳಿಸಲು ಆಗದಿದ್ದರೆ ತಾವೇ ವಾರ್ಡಿಗೆ ಬಂದು ಓದಿ ಹೇಳಿ.

ಇಂತಿ,
‘ಬೂಟು ಜೋಪಾನ’ ಎಂದು ತಾನೂ ಹೇಳಿದ್ದ ಸೊಸೆ,
ತುಳಜಾ, ಮುಂಡಗೋಡ ತಾಲ್ಲೂಕು