ಸುಟ್ಟ ಮೋಟಾರಿನ ಶುಭಸುದ್ದಿ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ನಮ್ಮ ಪಂಪಿನ ಮೋಟಾರು ಸಿಡಿಲಿಗೆ ಸುಟ್ಟು ಕರಕಲಾಯಿತು, ಮದುವೆಯಾದ ಮೇಲೆ ನನಗೆ ಇಷ್ಟು ಖುಷಿ ಕೊಟ್ಟ ಸುದ್ದಿ ಇನ್ನೊಂದಿಲ್ಲ! ಹಣೆ ಚಚ್ಚಿಕೊಳ್ಳಬೇಡ, ಪೂರ್ತಿ ಓದು.

ನಿನ್ನ ಅಳಿಯ ಬಂಗಾರದಂಥ ಮನುಷ್ಯ. ನಕ್ಕರೆ ಕಣ್ಣು ಮುಚ್ಚಿಯೇ ಹೋಗುತ್ತವೆ, ಆಗಂತೂ... ಬಿಡು, ನಿನಗೇಕೆ ಅದೆಲ್ಲ. ಆದರೆ ಗುಡುಗು ಕೇಳಿದರೆ ಸಾಕು, ಬುದ್ಧಿಯನ್ನು ಎಲ್ಲಿ ಬಿಚ್ಚಿಡುತ್ತಾರೋ ನಾ ಕಾಣೆ. ಈ ಬೇಸಿಗೆ ಇಲ್ಲಿ ದಿನಾ ಸಂಜೆ ಇದೇ ಗೋಳು. ಮಳೆ ನಾಲ್ಕು ಹನಿ, ಸಿಡಿಲು ಮಾತ್ರ ಧಾರಾಳ. ಮೊನ್ನೆ ಪಕ್ಕದ ಹೊಲದ ತಂತಿಬೇಲಿಗೆ ಸಿಡಿಲು ಬಡಿದು, ಬೇಲಿಗೆ ಒರಗಿದ್ದ ಎಮ್ಮೆಗಳು ನಿಂತಲ್ಲೇ ಸತ್ತವು. ಇವರೋ, ತಲೆಗೊಂದು ಟವೆಲ್ ಹಾಕಿಕೊಂಡು ಬಯಲಿನ ನಡುವೆ ಪಂಪಿನ ಕೋಣೆಗೆ ಓಡುತ್ತಾರೆ, ಫ್ಯೂಸ್ ಕೀಳಲು. ತಗಡಿನ ಸೂರು, ಪಕ್ಕದಲ್ಲೇ ಆಕಾಶ ಮುಟ್ಟುವ ಮರ!

ಮೊದಲೇ ಕಿತ್ತಿಡಿ ಅಂದರೆ, "ಕರೆಂಟ್ ಬರೋದೇ ಸಂಜೆ. ಸೌತೆ ಬಳ್ಳಿಗೆ ನೀನು ಚೊಂಬಲ್ಲಿ ನೀರು ಹಾಕ್ತೀಯಾ?" ಅನ್ನುತ್ತಾರೆ.

"ಮೋಟಾರು ಸುಟ್ಟರೆ ಗತಿ ಏನು?" ಅಂತ ಅವರು. "ನೀವು ಸುಟ್ಟರೆ?" ಅಂತ ನಾನು. "ನಾನೇನು ಮೋಟಾರಾ?" ಅಂತ ನಗು ಬೇರೆ! ಮಾವನಿಗೆ ಚಿತ್ರ ಬರೆದು, ಸಿಡಿಲು ಎತ್ತರದ ಮರವನ್ನು ಹೇಗೆ ಹಿಡಿಯುತ್ತದೆ ಎಂದು ವಿವರಿಸಿದೆ. "ಚಿತ್ರ ಚೆನ್ನಾಗಿದೆಯಮ್ಮ, ಥೇಟ್ ನಮ್ಮ ಮರದ ಹಾಗೇ ಇದೆ" ಅಂದರು. ಇವರಿಗೆಲ್ಲ ಹೇಗೆ ಹೇಳಲಿ?

ಭಾನುವಾರ ಇವರು ಬಚ್ಚಲಲ್ಲಿದ್ದಾಗ ಮೊದಲ ಗುಡುಗು ಕೇಳಿಸಿತು. ನಾನು ಹೊರಗಿನಿಂದ ಚಿಲಕ ಹಾಕಿಬಿಟ್ಟೆ.

"ಲೇ, ಬಾಗಿಲು ತೆಗಿಯೇ! ತಲೆ ತುಂಬ ಸೋಪು!"

"ಚಿಲಕ ಬಿಗಿದುಕೊಂಡಿದೆ ರೀ!"

ಅಡುಗೆಮನೆಯಿಂದ ಅತ್ತೆ ಓಡಿಬಂದರು. "ಒಂದು ಚಿಲಕ ತೆಗೆಯೋಕೆ ಬರಲ್ಲ, ಇಂಗ್ಲಿಷ್ ಓದಿದಾಳೆ! ಸರಿ ಆ ಕಡೆ" ಎಂದು ನನ್ನನ್ನು ತಳ್ಳಿ ಚಿಲಕಕ್ಕೆ ಕೈ ಹಾಕಿದರು. ಸಿಕ್ಕಿಬಿದ್ದೆ ಅಂದುಕೊಂಡೆ, ಬೆರಳು ತಾಗಿಸಿದರೆ ಸರಿಯುವ ಚಿಲಕ ಅದು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಗಿಲನ್ನು ದಡದಡ ಅಲ್ಲಾಡಿಸಿ, "ಹೌದು ಕಣೋ, ಜಪ್ಪಯ್ಯ ಅಂದ್ರೂ ಬರ್ತಿಲ್ಲ!" ಎಂದು ಕೂಗಿದರು.

ಅಷ್ಟರಲ್ಲಿ ಬಡಿಯಿತು ನೋಡಮ್ಮ! ಕಣ್ಣೆಲ್ಲ ಬೆಳ್ಳಗಾಯಿತು. ಮರ ತುದಿಯಿಂದ ಬುಡದವರೆಗೆ ಸೀಳಿತು, ಪಂಪಿನ ಕೋಣೆಯ ತಗಡು ಹಾರಿ ಬದುವಿನಾಚೆ ಬಿತ್ತು.

ಮಾವ ಎರಡು ದಿನದಿಂದ ಮೋಟಾರಿನ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದಾರೆ. ಮಗ ಉಳಿದ ಎಂದು ಒಂದು ಮಾತು? ಊಹೂಂ! ಅತ್ತೆ ಎಲ್ಲರೆದುರು ನನ್ನನ್ನೇ ಬೈಯುತ್ತಾರೆ. ನಿನ್ನ ಅಳಿಯ ಸೀಳಿದ ಮರವನ್ನು ಕಣ್ಣಾರೆ ಕಂಡು ಬಂದು ಹೇಳಿದ್ದೇನು ಗೊತ್ತಾ? "ರಿಪೇರಿ ಮಾಡಿಸಿ ಅಲ್ಲೇ ಕೂರಿಸ್ತೀನಿ. ಇನ್ಮೇಲೆ ಗುಡುಗು ಕೇಳಿದ್ರೆ ನಾನು ಇನ್ನೂ ಜೋರಾಗಿ ಓಡಬೇಕು." ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗಿದೆ, ಅಮ್ಮ. ಸಿಟ್ಟು ಬಂದು ಮಾತು ಬಿಡೋಣವೆಂದರೆ, ಆ ಹಾಳು ನಗು!

ಇಂತಿ,
ಕಿರುಚಿ ಕಿರುಚಿ ಗಂಟಲು ಕಟ್ಟಿದ ನಿನ್ನ ಮಗಳು

ತಾ.ಕ.: ಅತ್ತೆ ಈಗ ಕೈ ಒರೆಸಿಕೊಂಡು ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಇದನ್ನೂ ಬರಿ ಅಂದರು. ತವರಿನ ನಮ್ಮ ಬೀದಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯವರಿಗೆ ನೀನು ಗುಟ್ಟಾಗಿ ಹೇಳಿಡಬೇಕಂತೆ, ಈ ಸಿಡಿಲಿನ ಕಾಲ ಮುಗಿದು ಮಳೆಗಾಲ ಹಿಡಿಯುವವರೆಗೂ ತಾಮ್ರದ ತಂತಿ ಬಂದಿಲ್ಲ ಎಂದೇ ಹೇಳುತ್ತಿರಲಿ ಅಂತ. "ಸೌತೆ ಬಳ್ಳಿ, ಅತ್ತೆ?" ಎಂದು ಕೇಳಿದೆ. "ಒಣಗಲಿ ಬಿಡೇ, ಬೀಜ ಮತ್ತೆ ಸಿಗುತ್ತೆ" ಎಂದವರು ಹೊರಗೆ ಹೋಗಿ, ಮಾವನಿಗೆ ಕೇಳುವ ಹಾಗೆ ನನ್ನನ್ನು ಬೈಯತೊಡಗಿದರು. ಕಾಗದ ಸಿಕ್ಕಿದ ಕೂಡಲೇ ಅಂಗಡಿಗೆ ಹೋಗಿ ಬಾ, ಅಮ್ಮ. ನಾನು, ಇವರು, ಮೋಟಾರು ಮೂವರೂ ಶುಕ್ರವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇವೆ.